ಗೋಡೆ ತೆಳುವಾಗಿರುವ ಹೋಟೆಲು ಬೇಕಿತ್ತು

ಜಪಾನಿನ ಬಿಸಿನೀರಿನ ಬುಗ್ಗೆಗಳ ಊರಿನಲ್ಲಿ ಹೋಟೆಲು ಹುಡುಕುವವರು ಏನು ನೋಡುತ್ತಾರೆ? ಕಿಟಕಿಯಿಂದ ಬೆಟ್ಟ ಕಾಣುತ್ತದೋ, ನೀರು ಎಷ್ಟು ಬಿಸಿ, ನಮ್ಮಂಥ ಸಸ್ಯಾಹಾರಿಗಳಿಗೆ ಅನ್ನ-ತರಕಾರಿಯಾದರೂ ಸಿಗುತ್ತದೋ ಇಲ್ಲವೋ. ನಾನು ಗೋಡೆ ನೋಡುತ್ತಿದ್ದೆ. ಹಿಂದೆ ಹೋಗಿಬಂದವರು ಬರೆದ ರಿವ್ಯೂಗಳಲ್ಲಿ ಹೊಗಳಿಕೆಯನ್ನೆಲ್ಲ ದಾಟಿಕೊಂಡು ನೇರವಾಗಿ ಬೈಗುಳಕ್ಕೆ ಬರುತ್ತಿದ್ದೆ. ಪಕ್ಕದ ಕೋಣೆಯವನು ಕೆಮ್ಮಿದರೂ ಕೇಳಿಸುತ್ತದೆ, ಕಣ್ಣು ಮುಚ್ಚಲಾಗಲಿಲ್ಲ ಎಂದು ಯಾರೋ ಪುಣ್ಯಾತ್ಮ ಬರೆದು ಒಂದೇ ಸ್ಟಾರ್ ಕೊಟ್ಟಿದ್ದರೆ ನನಗೆ ಹೋದ ಜೀವ ಬಂದಂತಾಗುತ್ತಿತ್ತು. ಅಂಥ ಹೋಟೆಲಿನ ಫೋಟೋಗಳನ್ನು ಮತ್ತೆ ಮತ್ತೆ ನೋಡುತ್ತಿದ್ದೆ.

ಕಾರಣ ಸರಳ. ನನ್ನ ಗಂಡ ನನ್ನನ್ನು ಹೊಡೆಯುತ್ತಿದ್ದ. ಜಪಾನಿನಲ್ಲಿ ಮೂರು ರಾತ್ರಿ ನಾನು ಅವನೊಬ್ಬನ ಜೊತೆ ಒಂದು ಕೋಣೆಯಲ್ಲಿ ಇರಬೇಕಿತ್ತು. ಹೊಡೆದರೆ ಯಾರಿಗಾದರೂ ಕೇಳಿಸುವಂಥ ಕೋಣೆ ನನಗೆ ಬೇಕಿತ್ತು.

ಆಗ ಅವನನ್ನು ‘ಅವರು’ ಎನ್ನುತ್ತಿದ್ದೆ. ಹುಬ್ಬಳ್ಳಿಯ ಹೆಣ್ಣುಮಗಳು ನಾನು, ಗಂಡನನ್ನು ಏಕವಚನದಲ್ಲಿ ಕರೆಯಲು ನಾಲಿಗೆ ಹೊರಳುತ್ತಿರಲಿಲ್ಲ. ಈಗ ಚೆನ್ನಾಗಿ ಹೊರಳುತ್ತದೆ, ಹಾಗೇ ಬರೆಯುತ್ತೇನೆ.

ನಮ್ಮ ಮನೆ ಇದ್ದದ್ದು ಅಮೆರಿಕದಲ್ಲಿ, ಫೋರ್ ಎಸ್ ರ್ಯಾಂಚ್ ಎಂಬ ಬಡಾವಣೆಯಲ್ಲಿ. ಎಲ್ಲ ಮನೆಗಳೂ ಒಂದೇ ಬಣ್ಣ, ಒಂದೇ ಹೆಂಚು, ಬೀದಿಯಲ್ಲಿ ಅರ್ಧಕ್ಕರ್ಧ ನಮ್ಮ ಜನ. ಗೋಡೆಯೊಳಗೆ ಹತ್ತಿಯಂಥದ್ದೇನೋ ತುಂಬಿರುತ್ತಾರೆ, ಕಿಟಕಿಗೆ ಎರಡು ಪದರದ ಗಾಜು. ಕಾರು ಗರಾಜಿನೊಳಗೆ ಬಂದ ಮೇಲೆ ಗುಂಡಿ ಒತ್ತಿದರೆ ಬಾಗಿಲು ಇಳಿಯುತ್ತದೆ, ಅಲ್ಲಿಂದ ನೇರ ಅಡಿಗೆಮನೆ. ಹೊಸದರಲ್ಲಿ ನನಗೆ ಅದೇ ದೊಡ್ಡ ಸಂಭ್ರಮ. ಹುಬ್ಬಳ್ಳಿಯ ನಮ್ಮ ಓಣಿಯಲ್ಲಿ ಒಬ್ಬರ ಮನೆಯ ಒಗ್ಗರಣೆ ಇನ್ನೊಬ್ಬರ ಮೂಗಿಗೆ, ಒಬ್ಬರ ಮನೆಯ ಜಗಳ ಇಡೀ ಓಣಿಗೆ. ಇಲ್ಲಿ ಒಂದು ಸಪ್ಪಳವಿಲ್ಲ ಎಂದು ಅವ್ವನಿಗೆ ಫೋನಿನಲ್ಲಿ ಜಂಬದಿಂದ ಹೇಳಿದ್ದೆ. ಹಂಗಾದರೆ ಬಿಕೋ ಅನ್ನಂಗಿಲ್ಲೇನು ಎಂದು ಅವ್ವ ಕೇಳಿದ್ದಳು.

ಮೊದಲ ಏಟು ಬಿದ್ದದ್ದು ಎರಡು ಸಾವಿರದ ಇಪ್ಪತ್ತರಲ್ಲಿ, ಲೋಕವೆಲ್ಲ ಬಾಗಿಲು ಹಾಕಿಕೊಂಡು ಕೂತಿದ್ದಾಗ. ಅವನು ಟೆಲಿಕಾಂ ಇಂಜಿನಿಯರ್. ಊಟದ ಟೇಬಲ್ಲೇ ಆಫೀಸಾಗಿತ್ತು. ಅವನು ಮೀಟಿಂಗಿನಲ್ಲಿ ಮಾತನಾಡುತ್ತಿದ್ದಾಗ ನಾನು ಬೇಳೆಗೆ ಇಟ್ಟಿದ್ದ ಕುಕ್ಕರ್ ಕೂಗಿತು. ಅವನು ಮ್ಯೂಟ್ ಒತ್ತಿ, ತಲೆಯ ಮೇಲೆ ಹೆಡ್‌ಸೆಟ್ ಇದ್ದ ಹಾಗೇ ಎದ್ದು ಬಂದು ನನ್ನ ಕಪಾಳಕ್ಕೆ ಬಾರಿಸಿ, ವಾಪಸ್ಸು ಹೋಗಿ ಕೂತು, ಸಾರಿ, ಮ್ಯೂಟಿನಲ್ಲಿದ್ದೆ ಎಂದು ಇಂಗ್ಲಿಷಿನಲ್ಲಿ ಮಾತು ಮುಂದುವರಿಸಿದ. ಕುಕ್ಕರ್ ಇನ್ನೂ ಕೂಗುತ್ತಲೇ ಇತ್ತು. ಕಿವಿ ಗುಂಯ್ ಎನ್ನುತ್ತಿತ್ತು, ಅದರಲ್ಲೇ ಹೋಗಿ ಒಲೆ ಆರಿಸಿದೆ. ಸಂಜೆ ಅವನು ಅತ್ತ. ಕೆಲಸದ ಪ್ರೆಷರು, ಸಿಟ್ಟು ನೆತ್ತಿಗೇರಿತು, ಏನು ಮಾಡಿದೆ ಅಂತ ನನಗೇ ಗೊತ್ತಾಗಲಿಲ್ಲ ಎಂದ. ನಾನು ನಂಬಿದೆ, ಪಾಪ ಅನ್ನಿಸಿತು, ಕಾಫಿ ಮಾಡಿಕೊಟ್ಟೆ.

ಮುಖಕ್ಕೆ ಹೊಡೆದದ್ದು ಅದೊಂದೇ ಸಲ. ಆಮೇಲೆ ಬೆನ್ನು, ತೊಡೆ, ಪಕ್ಕೆ. ಫ್ರಿಜ್ಜಿನ ಬಾಗಿಲಿಗೆ ಒತ್ತಿ ಹಿಡಿದು ಮೊಣಕಾಲಿನಿಂದ ಗುದ್ದುವುದು. ಲಾಂಡ್ರಿ ಕೋಣೆಗೆ ತಳ್ಳಿ ಬಾಗಿಲು ಹಾಕಿಕೊಂಡು ಬೆಲ್ಟು. ಕಾರಣವೇನು ಎಂದು ಕೇಳಿದರೆ ನಗು ಬರುತ್ತದೆ. ಮೊಸರು ಹುಳಿಯಾಗಿತ್ತು. ಅವನ ತಂಗಿಯ ಫೋನನ್ನು ನಾನು ಎತ್ತಿರಲಿಲ್ಲ. ಮದುವೆಯಾಗಿ ಇಷ್ಟು ವರ್ಷವಾದರೂ ಮಕ್ಕಳಾಗಿರಲಿಲ್ಲ. ಒಂದು ಸಲ ಏನೂ ಕಾರಣ ಸಿಗದೆ, ಏನು ಹಾಗೆ ನೋಡ್ತೀಯ ಎಂದು ಹೊಡೆದ. ಹೊಡೆದಾದ ಮೇಲೆ ಬಿಸಿನೀರಿನ ಬ್ಯಾಗು ತಂದುಕೊಡುತ್ತಿದ್ದ. ಸಿಟ್ಟು, ಕೈ ಮೀರಿಬಿಡತ್ತೆ ಎಂದು ಅದೇ ಹಳೆಯ ಹಾಡು.

ನಾನು ಸುಮ್ಮನೆ ಹೊಡೆಸಿಕೊಳ್ಳುವ ಗಿರಾಕಿಯಲ್ಲ, ಅದನ್ನೂ ಹೇಳಿಬಿಡುತ್ತೇನೆ. ಬೈದರೆ ಬೈದಿದ್ದೇನೆ, ಪರಚಿದ್ದೇನೆ, ಒಮ್ಮೆ ಮುಂಗೈ ಕಚ್ಚಿ ರಕ್ತ ಬರಿಸಿದ್ದೇನೆ. ಎರಡು ಸಾವಿರದ ಇಪ್ಪತ್ತಮೂರರ ಜುಲೈನಲ್ಲಿ ಒಂದು ಶನಿವಾರ, ಚಪಾತಿ ಲಟ್ಟಿಸುತ್ತಿದ್ದಾಗ ಹಿಂದಿನಿಂದ ಬಂದು ಜಡೆ ಹಿಡಿದು ಎಳೆದ. ತಿರುಗಿ ಲಟ್ಟಣಿಗೆಯಿಂದ ಅವನ ಮೊಣಕೈಗೆ ಸರಿಯಾಗಿ ಕೊಟ್ಟೆ. ಅವನ ಮೊಣಕೈ ಊದಿತು. ನನ್ನನ್ನು ನೆಲಕ್ಕೆ ಕೆಡವಿ, ಬಿದ್ದಲ್ಲೇ ಒದ್ದ, ನಾನು ಕೂಗುವುದನ್ನು ನಿಲ್ಲಿಸುವ ತನಕ ಒದ್ದ. ಎಡಪಕ್ಕೆಯಲ್ಲಿ ಉಸಿರೆಳೆದಾಗಲೆಲ್ಲ ಚೂರಿ ಹಾಕಿದಂತಾಗುತ್ತಿತ್ತು. ಅವನು ಸ್ನಾನಕ್ಕೆ ಹೋದಾಗ ಹಿಟ್ಟು ಮೆತ್ತಿದ ಕೈಯಲ್ಲೇ ಕಾರಿನ ಕೀಲಿ ತೆಗೆದುಕೊಂಡು ಅರ್ಧ ಗಂಟೆ ದೂರದ ಕಾರ್ಲ್ಸ್‌ಬಾಡಿಗೆ ಡ್ರೈವ್ ಮಾಡಿದೆ.

ಪೊಲೀಸರಿಗೆ ಏಕೆ ಫೋನ್ ಮಾಡಲಿಲ್ಲ ಎಂದು ಕೇಳುವವರಿದ್ದಾರೆ. ಹೊಳೆಯಲಿಲ್ಲ, ಅಷ್ಟೆ. ನನ್ನ ವೀಸಾ ಅವನ ವೀಸಾದ ಬಾಲ. ಜೊತೆಗೆ ನಮ್ಮ ಜನರಲ್ಲಿ ಸಂಸಾರ ಕೆಟ್ಟರೆ ಹಿರಿಯರ ಹತ್ತಿರ ಹೋಗುವುದು ರೂಢಿ. ಊರಿನ ಹಿರಿಯರು ಊರಲ್ಲೇ ಉಳಿದರು, ಇಲ್ಲಿಗೆ ಬಂದವರು ಇಲ್ಲೇ ಹಿರಿಯರನ್ನು ಮಾಡಿಕೊಂಡಿದ್ದೇವೆ. ಕಾರ್ಲ್ಸ್‌ಬಾಡಿನ ಅಂಕಲ್-ಆಂಟಿ ಅಂಥವರು. ಅಂಕಲ್ ಬಯೋಟೆಕ್ ಕಂಪನಿಯೊಂದರಲ್ಲಿ ದೊಡ್ಡ ಹುದ್ದೆಯಲ್ಲಿದ್ದು ರಿಟೈರ್ ಆದವರು, ಮೂಲ ಮೈಸೂರು. ನಮ್ಮವರ ನಡುವೆ ಯಾರ ಮಗಳಿಗೆ ಗಂಡು ನೋಡಬೇಕಾದರೂ, ಯಾರ ಮನೆಯ ಪಾಲು ಬಗೆಹರಿಯಬೇಕಾದರೂ, ಗಣೇಶನ ಹಬ್ಬಕ್ಕೆ ಹಾಲ್ ಬುಕ್ ಮಾಡಬೇಕಾದರೂ ಅವರ ಮಾತೇ ಕೊನೆ. ಆಂಟಿ ನನ್ನನ್ನು ಬಾಗಿಲಲ್ಲಿ ನೋಡಿದವರೇ ಏನಾಯಿತು ಎಂದು ಕೇಳಲಿಲ್ಲ. ಒಳಗೆ ಕರೆದುಕೊಂಡು ಹೋಗಿ ಎಡಪಕ್ಕೆಗೆ ಐಸ್ ಒತ್ತಿ ಹಿಡಿದು, ಮಾತು ಬೇಡ, ಉಸಿರು ಸಣ್ಣದಾಗಿ ತೆಗೆದುಕೋ ಎಂದರು.

ಮರುದಿನ ಭಾನುವಾರ ಅವರ ಮನೆಯಲ್ಲೇ ಪಂಚಾಯಿತಿ. ಉಪ್ಪಿಟ್ಟು, ಕೇಸರಿಬಾತು, ಕಾಫಿ. ಅವನು ಇಸ್ತ್ರಿ ಹಾಕಿದ ಶರ್ಟಿನಲ್ಲಿ ಬಂದ, ಇಬ್ಬರ ಕಾಲಿಗೂ ಬಿದ್ದ, ಸೋಫಾದ ಅಂಚಿನಲ್ಲಿ ಕೂತು ತೋಳು ಮಡಿಸಿ ಊದಿದ ಮೊಣಕೈ ತೋರಿಸಿದ. ನನ್ನ ಪಕ್ಕೆ ಸೋಫಾದ ಮೇಲೆ ತೋರಿಸುವಂಥದ್ದಲ್ಲ. ಅಂಕಲ್ ಎರಡನ್ನೂ ತೂಗಿದರು, ಕಣ್ಣಿಗೆ ಕಂಡದ್ದೇ ಭಾರವಾಯಿತು. ಎರಡೂ ಕಡೆ ತಪ್ಪಿದೆ ಎಂದು ಶುರುಮಾಡಿದರು. ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ ಎಂದು ಗಾದೆ ಹೇಳಿದರು, ಹೇಳುವಾಗ ನೋಡಿದ್ದು ಮಾತ್ರ ನನ್ನ ಕಡೆ. ಗಂಡಸಿಗೆ ಸಿಟ್ಟು ಬರುತ್ತದೆ, ಅದು ಬೆಂಕಿಯ ಹಾಗೆ, ಹೆಂಗಸಾದವಳು ನೀರು ಹಾಕಬೇಕೇ ಹೊರತು ತುಪ್ಪ ಹುಯ್ಯಬಾರದು ಎಂದರು. ಅವನು ಕಣ್ಣೊರೆಸಿಕೊಂಡ. ನನಗೆ ಮೈಯೆಲ್ಲ ಉರಿಯುತ್ತಿತ್ತು. ಉಸಿರೆಳೆದು ಮಾತಾಡಲು ಆಗದೆ ಸುಮ್ಮನೆ ಕೂತಿದ್ದೆ, ಅದನ್ನೇ ಅಂಕಲ್ ಒಪ್ಪಿಗೆ ಅಂದುಕೊಂಡರು.

ಆಮೇಲೆ ತೀರ್ಪು ಬಂತು. ನೀವಿಬ್ಬರೂ ಎಲ್ಲಾದರೂ ಹೋಗಿಬನ್ನಿ ಎಂದರು ಅಂಕಲ್. ತಾವಿಬ್ಬರೂ ಆ ವರ್ಷ ಮಾರ್ಚಿನಲ್ಲಿ ಜಪಾನಿಗೆ ಹೋಗಿದ್ದರಂತೆ, ಬಿಸಿನೀರಿನ ಬುಗ್ಗೆಯ ಪಕ್ಕದ ಹಳೇ ಕಾಲದ ಹೋಟೆಲಿನಲ್ಲಿ ಇದ್ದರಂತೆ. ನೆಲಕ್ಕೆ ಚಾಪೆ, ನೆಲದ ಮೇಲೇ ಹಾಸಿಗೆ, ಥೇಟ್ ನಮ್ಮ ಅಜ್ಜಿ ಮನೆ ಹಾಗೆ ಎಂದು ವರ್ಣಿಸಿದರು. ಆ ನೀರಿನಲ್ಲಿ ಕೂತರೆ ಮನಸ್ಸಿನ ಕಾವೆಲ್ಲ ಇಳಿದುಹೋಗುತ್ತದೆ, ಜೊತೆಗೆ ಅಲ್ಲಿನ ಕೆಲವು ಬುಗ್ಗೆಗಳಲ್ಲಿ ಮಿಂದರೆ ಮಕ್ಕಳಾಗುತ್ತವೆ ಎಂಬ ಮಾತೂ ಇದೆ ಎಂದು ಆಂಟಿಯ ಮುಖ ನೋಡಿದರು. ಆಂಟಿ ಹೌದು ಎಂದು ತಲೆಯಾಡಿಸಿದರು. ಹೋಟೆಲನ್ನು ಇವಳೇ ಆರಿಸಲಿ, ಇವಳಿಗೂ ಸಮಾಧಾನವಾಗುತ್ತದೆ ಎಂದು ಅಂಕಲ್ ಕೊನೆಗೆ ಒಂದು ರಿಯಾಯಿತಿ ಕೊಟ್ಟರು. ನನ್ನ ಪಕ್ಕೆಲುಬಿಗೆ ಸಿಕ್ಕ ಪರಿಹಾರ ಅದು. ಹೊರಡುವಾಗ ಗಂಡ-ಹೆಂಡತಿ ಜೋಡಿಯಾಗಿ ನಮಸ್ಕಾರ ಮಾಡಬೇಕು ಎಂದರು, ಮಾಡಿದೆವು. ಬಗ್ಗಿದವಳಿಗೆ ಏಳಲು ಆಗಲಿಲ್ಲ, ಆಂಟಿ ರಟ್ಟೆ ಹಿಡಿದು ಎಬ್ಬಿಸಿದರು. ಕಿವಿಯ ಹತ್ತಿರ, ಹಬ್ಬಕ್ಕೆ ಬರುವಾಗ ಉದ್ದ ತೋಳಿನ ಕುರ್ತಾ ಹಾಕಿಕೊಂಡು ಬಾ ಎಂದು ಮೆಲ್ಲಗೆ ಹೇಳಿದರು.

ಹೀಗೆ ಹೋಟೆಲು ಆರಿಸುವುದು ನನ್ನ ಪಾಲಿಗೆ ಬಂತು. ಊಟವಾದ ಮೇಲೆ ಇಬ್ಬರೂ ಟಿವಿಯ ಮುಂದೆ ಕೂರುತ್ತಿದ್ದೆವು, ಲ್ಯಾಪ್‌ಟಾಪಿನಲ್ಲಿ ಇದ್ದದ್ದು ಅದರ ಮೇಲೆ ಗೋಡೆಯಷ್ಟು ದೊಡ್ಡದಾಗಿ ಕಾಣುತ್ತಿತ್ತು. ನೋಡುತ್ತಾ ಹೋದ ಹಾಗೆ ನನಗೆ ಆ ಹೋಟೆಲುಗಳ ರೀತಿ ಅರ್ಥವಾಯಿತು. ಹಳೆಯವುಗಳಲ್ಲಿ ಕೋಣೆ-ಕೋಣೆಗಳ ನಡುವೆ ಸರಿಯುವ ಕಾಗದದ ಬಾಗಿಲು. ರಾತ್ರಿ ಊಟವನ್ನು ಒಬ್ಬ ಹೆಂಗಸು ಕೋಣೆಗೇ ತಂದು ಮುಂದೆ ಕೂತು ಬಡಿಸುತ್ತಾಳೆ. ಊಟವಾದ ಮೇಲೆ ಅವಳೇ ಮತ್ತೆ ಬಂದು ಹಾಸಿಗೆ ಹಾಸುತ್ತಾಳೆ, ಬೆಳಗ್ಗೆ ಸುತ್ತಿಡಲು ಬರುತ್ತಾಳೆ. ಸ್ನಾನ ಎಲ್ಲರಿಗೂ ಸೇರಿ ಒಂದೇ ಕೊಳದಲ್ಲಿ, ಹೆಂಗಸರಿಗೆ ಬೇರೆ, ಗಂಡಸರಿಗೆ ಬೇರೆ. ನೀರಿಗೆ ಇಳಿಯುವ ಮೊದಲು ಮೈಮೇಲೆ ಒಂದು ನೂಲೂ ಇರಬಾರದು.

ಬೇರೆಯವರಿಗೆ ತೊಂದರೆಯಾಗುವ ಇದೆಲ್ಲವೂ ನನಗೆ ವರವಾಗಿ ಕಂಡಿತು. ಹುಬ್ಬಳ್ಳಿಯಲ್ಲಿ ಸ್ವಂತ ಅಕ್ಕನ ಮುಂದೆ ಸೀರೆ ಬದಲಾಯಿಸಲು ನಾಚುತ್ತಿದ್ದವಳು ನಾನು. ಈಗ ಗುರುತು ಪರಿಚಯವಿಲ್ಲದ ಹೆಂಗಸರ ನಡುವೆ ಬೆತ್ತಲೆ ನಿಲ್ಲಲು ತುದಿಗಾಲಲ್ಲಿದ್ದೆ. ನೋಡಲಿ. ಬೆನ್ನಿನ ಮೇಲೆ ಬೆಲ್ಟಿನ ಗುರುತು ನೋಡಲಿ, ತೊಡೆ ನೋಡಲಿ. ಒಬ್ಬಳಾದರೂ ಕೇಳುತ್ತಾಳೆ. ಕೇಳುವವರಿದ್ದಾರೆ ಎಂದು ಗೊತ್ತಾದರೆ ಅವನು ಆ ಮೂರು ರಾತ್ರಿ ಕೈ ಎತ್ತಲಾರ. ಮೂರು ರಾತ್ರಿ ನಿದ್ದೆ ಮಾಡಬಹುದು. ನನ್ನ ಆಸೆ ಅಷ್ಟಕ್ಕೇ ಬಂದು ನಿಂತಿತ್ತು, ಥೂ.

ಅವನು ತೋರಿಸುತ್ತಿದ್ದದ್ದು ಬೇರೆಯದೇ. ಕಾಡಿನ ನಡುವೆ ಬಿಡಿ ಮನೆ, ಅದಕ್ಕೇ ಸ್ವಂತ ಬಿಸಿನೀರಿನ ತೊಟ್ಟಿ, ಊಟವನ್ನು ಹೊರಬಾಗಿಲಲ್ಲಿ ಇಟ್ಟು ಹೋಗುತ್ತಾರೆ, ಬೇಕೆಂದರೆ ಹೊರಡುವ ತನಕ ಒಬ್ಬ ಮನುಷ್ಯನ ಮುಖವನ್ನೂ ನೋಡಬೇಕಾಗಿಲ್ಲ. ನಿನ್ನಿಂದಲೇ ಇದೆಲ್ಲ, ನಿನಗಾಗಿ ಇಷ್ಟು ಖರ್ಚು ಮಾಡುತ್ತಿದ್ದೇನೆ ಎನ್ನುತ್ತಿದ್ದ. ನಾನು ಆರಿಸಿದ್ದಕ್ಕೆಲ್ಲ ಒಂದೊಂದು ಕೊಕ್ಕೆ. ಇದರಲ್ಲಿ ಸಾರಿಗೆ ಮೀನಿನ ನೀರು ಹಾಕುತ್ತಾರೆ. ಇದು ಸ್ಟೇಷನ್ನಿನಿಂದ ದೂರ. ಇದರಲ್ಲಿ ಟಾಯ್ಲೆಟ್ ಕೋಣೆಯ ಹೊರಗಿದೆ. ಹಿರಿಯರು ನನಗೇ ಆರಿಸಲು ಹೇಳಿದ್ದಾರೆ ಎಂದು ನಾನು ಹಟ ಹಿಡಿದ ಸಂಜೆ ರಿಮೋಟನ್ನು ನನ್ನ ಎದೆಗೆ ಬೀಸಿ ಎಸೆದ, ಆಮೇಲೆ ಬೆರಳುಗಳನ್ನು ಹಿಂದಕ್ಕೆ ಮಡಚಿ ಹಿಡಿದು, ಹಿರಿಯರು ಹೇಳಿದ್ರಾ, ಹಿರಿಯರು ಹೇಳಿದ್ರಾ ಎಂದು ಕೇಳುತ್ತಾ ಇನ್ನೂ ಹಿಂದಕ್ಕೆ ಒತ್ತಿದ. ಟಿವಿಯಲ್ಲಿ ಹಿಮ ಬೀಳುವ ಕೊಳದ ಫೋಟೋ ಇತ್ತು. ಕಿರುಬೆರಳು ಇವತ್ತಿಗೂ ಪೂರ್ತಿ ಮಡಿಸಲು ಬರುವುದಿಲ್ಲ.

ಆದರೂ ನಾನು ಬಿಡಲಿಲ್ಲ. ಹಟ ಎಂದರೆ ಹಟ, ಅವ್ವ ನನ್ನನ್ನು ಕತ್ತೆ ಎಂದು ಕರೆಯುತ್ತಿದ್ದದ್ದು ಸುಮ್ಮನೆ ಅಲ್ಲ. ಕೊನೆಗೆ ಒಂದು ಸಿಕ್ಕಿತು. ಬೆಟ್ಟದ ಬುಡದಲ್ಲಿ ನೂರಾರು ವರ್ಷದ ಮರದ ಕಟ್ಟಡ, ಎಲ್ಲ ಕೋಣೆಗಳೂ ಒಂದೇ ಪಡಸಾಲೆಗೆ ತೆರೆಯುವಂಥವು, ಹೇಳಿ ಕೇಳಿ ಕಾಗದದ ಬಾಗಿಲು, ಓದಿದ ರಿವ್ಯೂಗಳಲ್ಲೆಲ್ಲ ಸಪ್ಪಳದ ದೂರು. ಸಸ್ಯಾಹಾರ ಮಾಡಿಕೊಡುತ್ತಾರೆ, ಸ್ಟೇಷನ್ ಹತ್ತಿರ. ಅವನಿಗೆ ಕೊಕ್ಕೆ ಹಾಕಲು ಏನೂ ಉಳಿಯಲಿಲ್ಲ. ಇಂಟರ್ನೆಟ್ಟಿನಲ್ಲಿ ಬುಕಿಂಗ್ ಇಲ್ಲ, ಲಾಸ್ ಏಂಜಲಿಸ್‌ನಲ್ಲಿರುವ ಒಬ್ಬ ಟ್ರಾವೆಲ್ ಏಜೆಂಟ್ ಮೂಲಕವೇ ಮಾಡಿಸಬೇಕಿತ್ತು. ಅಕ್ಟೋಬರಿನ ಒಂದು ಬೆಳಗ್ಗೆ ನಾನೇ ಹೋಗಿ ಮಾಡಿಸಿಕೊಂಡು ಬರುತ್ತೇನೆ ಎಂದೆ. ಹೋಗು ಎಂದ, ಸಲೀಸಾಗಿ. ಅವನ ಫೋನಿನಲ್ಲಿ ನಾನೆಲ್ಲಿದ್ದೇನೆ ಎಂಬ ಚುಕ್ಕೆ ಯಾವಾಗಲೂ ಕಾಣುತ್ತಿತ್ತು.

ಏಜೆಂಟ್ ಇದ್ದದ್ದು ಗಾರ್ಡೀನಾ ಕಡೆ, ಡೋನಟ್ ಅಂಗಡಿ ಮತ್ತು ಲಾಂಡ್ರಿಯ ನಡುವೆ ಒಂದು ಸಣ್ಣ ಆಫೀಸಿನಲ್ಲಿ. ಅರವತ್ತು ದಾಟಿದ ಜಪಾನಿ ಹೆಂಗಸು, ಒಬ್ಬರೇ ಕೂತಿದ್ದರು. ಹೋಟೆಲಿನ ಹೆಸರು ಹೇಳಿದ ಕೂಡಲೇ ಮುಖ ಅರಳಿತು, ನಾನೂ ಅಲ್ಲಿ ಇದ್ದುಬಂದಿದ್ದೇನೆ ಎಂದರು. ನಾನು ಮೊದಲು ಕೇಳಿದ್ದೇ ಗೋಡೆಯ ವಿಷಯ. ನಿಜವಾಗಿಯೂ ತೆಳುವೇ ಎಂದೆ. ಅವರು ನಕ್ಕು ಕ್ಷಮೆ ಕೇಳುವವರ ಹಾಗೆ ತಲೆಬಾಗಿಸಿ, ಹೌದು, ಪಕ್ಕದ ಕೋಣೆಯ ಗೊರಕೆಯೂ ಕೇಳುತ್ತದೆ, ಬೇಡವೆಂದರೆ ಮೂಲೆಯ ಕೋಣೆ ಕೇಳೋಣ ಎಂದರು. ಬೇಡ, ನಡುವಿನ ಕೋಣೆಯೇ ಬೇಕು ಎಂದೆ. ಅವರು ನನ್ನನ್ನು ನೋಡಿದರು. ಆಗ ನಾನು ಮೂರು ತಿಂಗಳಿಂದ ಹೊಟ್ಟೆಯೊಳಗೆ ಇಟ್ಟುಕೊಂಡದ್ದನ್ನು ಕೇಳಿಬಿಟ್ಟೆ. ಅಲ್ಲಿ ರಾತ್ರಿ ಒಬ್ಬ ಹೆಂಗಸು ಕೂಗಿಕೊಂಡರೆ ಜನ ಎದ್ದು ಬರುತ್ತಾರೆಯೇ ಎಂದು.

ಅವರ ನಗು ನಿಂತಿತು. ಸುಳ್ಳು ಹೇಳಬಹುದಿತ್ತು, ಹೇಳಲಿಲ್ಲ. ಅಂಥ ಮನೆಗಳಲ್ಲಿ ಎಲ್ಲರಿಗೂ ಎಲ್ಲವೂ ಕೇಳಿಸುತ್ತದೆ, ಅದಕ್ಕೇ ಕೇಳಿಸಿದರೂ ಕೇಳಿಸದ ಹಾಗೆ ಇರುವುದು ಅಲ್ಲಿನ ಮರ್ಯಾದೆ ಎಂದರು. ಬಹುಶಃ ಯಾರೂ ಬರುವುದಿಲ್ಲ, ಬೆಳಗ್ಗೆ ಎದುರಾದಾಗ ಎಂದಿನ ಹಾಗೆ ತಲೆಬಾಗಿಸಿ ನಮಸ್ಕರಿಸುತ್ತಾರೆ, ನಾನೇ ಆದರೂ ಹಾಗೇ ಮಾಡಿಯೇನು ಎಂದರು. ಆಮೇಲೆ ನನ್ನ ಬ್ಯಾಂಡೇಜಿನ ಕಿರುಬೆರಳು ನೋಡುತ್ತಾ, ಜೊತೆಗೆ ಬರುವವರು ಯಾರು ಎಂದು ಕೇಳಿದರು. ಗಂಡ ಎಂದೆ. ನಿಮಗೆ ಎರಡು ಕೋಣೆ ಬೇಕೇ ಎಂದು ಮೆಲ್ಲಗೆ ಕೇಳಿದರು. ನಾನು ಎದ್ದು ಬಂದುಬಿಟ್ಟೆ.

ಪಾರ್ಕಿಂಗ್ ಲಾಟಿನಲ್ಲಿ ಕಾರಿನ ಗಾಜು ಏರಿಸಿಕೊಂಡು ಸ್ಟಿಯರಿಂಗಿಗೆ ಗುದ್ದಿದೆ, ಅಂಗೈ ಮರಗಟ್ಟುವ ತನಕ ಗುದ್ದಿದೆ. ನನಗೆ ಸಿಟ್ಟು ಬಂದದ್ದು ಆ ಹೆಂಗಸಿನ ಮೇಲಲ್ಲ. ಸಮುದ್ರ ದಾಟಿ ಹೋಗಿ ನಾನು ಹುಡುಕುತ್ತಿದ್ದದ್ದು ಇನ್ನೊಂದು ಜೊತೆ ಅಂಕಲ್-ಆಂಟಿಯನ್ನು. ಕಾರ್ಲ್ಸ್‌ಬಾಡಿನಲ್ಲಿ ಗೋಡೆ ದಪ್ಪ, ಆದರೂ ಕೇಳಿಸಿತ್ತಲ್ಲ ಅವರಿಗೆ. ಐಸ್ ಹಿಡಿದರು, ಕೇಸರಿಬಾತು ಬಡಿಸಿದರು, ಮಕ್ಕಳಾಗುವ ನೀರಿಗೆ ಕಳಿಸಿದರು. ಅಳು ಬರಲಿಲ್ಲ. ಬಾಯಿಗೆ ಬಂದದ್ದೆಲ್ಲ ಹುಬ್ಬಳ್ಳಿಯ ಬೈಗುಳ, ಅವನ್ನು ಇಲ್ಲಿ ಬರೆಯುವಂತಿಲ್ಲ.

ವಾಪಸ್ಸು ಬರುವ ದಾರಿಯುದ್ದಕ್ಕೂ ಟ್ರಾಫಿಕ್ಕು. ಮನೆ ಮುಟ್ಟುವಾಗ ಸಂಜೆಯಾಗಿತ್ತು. ಬೆಳಗ್ಗಿನಿಂದ ಒಣಗಾಳಿಯ ಸೆಕೆ, ನಮ್ಮ ಬೀದಿಯಲ್ಲಿ ಎಲ್ಲರ ಮನೆಯ ಕಿಟಕಿಗಳೂ ತೆರೆದಿದ್ದವು, ನಮ್ಮವೂ. ಹೊರಗೆ ಜನ ನಾಯಿ ಹಿಡಿದುಕೊಂಡು ವಾಕಿಂಗ್ ಹೊರಟಿದ್ದರು, ಮಕ್ಕಳು ಸ್ಕೂಟರ್ ತಳ್ಳುತ್ತಿದ್ದರು. ಅವನು ಟಿವಿಯ ಮುಂದೆ ಖುಷಿಯಾಗಿ ಕೂತಿದ್ದ. ಪರದೆಯ ಮೇಲೆ ಕಾಡಿನ ನಡುವಿನ ಆ ಬಿಡಿ ಮನೆ. ಬುಕ್ ಮಾಡಿಬಿಟ್ಟಿದ್ದೇನೆ, ಹೊಳೆಯ ಆಚೆಗೆ ಅದೊಂದೇ ಮನೆ, ದಾಟಲು ಪುಟ್ಟ ಸೇತುವೆ ಎಂದು ತೋರಿಸಿದ. ನಾನು ಲಾಸ್ ಏಂಜಲಿಸ್‌ನಲ್ಲಿ ಇರುವಾಗಲೇ ಮಾಡಿದ್ದ.

ನಾನು ಆರಿಸಿದ್ದು ಏನಾಯಿತು ಎಂದು ಕೇಳಿದೆ.

"ನೀನ್ ಆರಿಸಿದ್ದೆಲ್ಲಾ ಓದಿದೀನಿ," ಎಂದ. "ಎಲ್ಲಾ ಕಡೆ ಗೋಡೆ ತೆಳು. ಪಕ್ಕದವ್ರಿಗೆ ಎಲ್ಲಾ ಕೇಳ್ಸತ್ತೆ."

ಆ ಬೈಗುಳದ ರಿವ್ಯೂಗಳನ್ನು ನಾನೊಬ್ಬಳೇ ಓದುತ್ತಿದ್ದೇನೆ ಎಂದುಕೊಂಡಿದ್ದೆ. ಅವನೂ ಓದಿದ್ದ. ಸಾರಿನಲ್ಲಿ ಮೀನು, ಸ್ಟೇಷನ್ ದೂರ, ಟಾಯ್ಲೆಟ್ ಹೊರಗೆ, ಎಲ್ಲ ಬರೀ ನೆಪ. ಮೂರು ತಿಂಗಳು ನಾವಿಬ್ಬರೂ ಒಂದೇ ಸೋಫಾದಲ್ಲಿ ಕೂತು ಗೋಡೆಯನ್ನೇ ಹುಡುಕಿದ್ದೆವು. ಕೇಳಿಸಿದರೆ ಏನಾಯಿತು ಎಂದೆ. ಏನು ಕೇಳಿಸಬೇಕು ನಿನಗೆ ಎಂದು ಎದ್ದು ನಿಂತ. ನಾನು ಬರುವುದಿಲ್ಲ, ನಿನ್ನ ಜೊತೆ ಆ ಹೊಳೆ ದಾಟುವುದಿಲ್ಲ ಎಂದೆ. ಏಕವಚನ ಬಂದಿತ್ತು, ನನಗೂ ಗೊತ್ತಾಗಲಿಲ್ಲ.

ಅವನು ನನ್ನ ಕಡೆ ಬರಲಿಲ್ಲ. ಸಿಂಕಿನ ಮೇಲಿನ ಕಿಟಕಿಯ ಹತ್ತಿರ ಹೋಗಿ ಅದನ್ನು ಎಳೆದು ಮುಚ್ಚಿ ಚಿಲಕ ಹಾಕಿದ. ಹಿತ್ತಲಿನ ದೊಡ್ಡ ಗಾಜಿನ ಬಾಗಿಲನ್ನು ಸರಿಸಿ ಮುಚ್ಚಿದ. ಮಹಡಿ ಹತ್ತಿದ. ಅವಸರವಿಲ್ಲ, ಎಂದಿನ ನಡಿಗೆ. ಮೇಲೆ ಮಲಗುವ ಕೋಣೆಯ ಕಿಟಕಿ ಮುಚ್ಚಿದ ಸಪ್ಪಳ ಬಂತು, ಆಮೇಲೆ ಪಕ್ಕದ ಕೋಣೆಯದು. ನಾನು ಅಡಿಗೆಮನೆಯಲ್ಲಿ ನಿಂತು ಕೇಳುತ್ತಿದ್ದೆ. ಸಿಟ್ಟು ನೆತ್ತಿಗೇರುತ್ತದೆ, ಕೈ ಮೀರುತ್ತದೆ, ಗೊತ್ತಾಗುವುದಿಲ್ಲ ಎಂದು ವರ್ಷಗಟ್ಟಲೆ ನಂಬಿದವಳು ನಾನು. ಈ ಮನುಷ್ಯನಿಗೆ ಎಲ್ಲ ಗೊತ್ತಿತ್ತು. ಯಾವ ಕಿಟಕಿ ತೆರೆದಿದೆ ಎಂಬುದೂ ಗೊತ್ತಿತ್ತು.

ಒಲೆಯ ಪಕ್ಕದಲ್ಲಿ ಶೇಂಗಾ ಚಟ್ನಿ ಕುಟ್ಟುವ ಕಲ್ಲಿನ ಕುಟ್ಟಾಣಿ ಇತ್ತು. ಅದರ ಗುಂಡನ್ನು ತೆಗೆದುಕೊಂಡು ಸಿಂಕಿನ ಮೇಲಿನ ಕಿಟಕಿಗೆ ಬಾರಿಸಿದೆ. ಎರಡು ಪದರದ ಗಾಜು, ಒಂದೇ ಏಟಿಗೆ ಜಗ್ಗಲಿಲ್ಲ. ಮತ್ತೆ ಬಾರಿಸಿದೆ, ಒಳಗಿನ ಪದರ ಪುಡಿಪುಡಿಯಾಗಿ ಸಿಂಕಿಗೆ ಸುರಿಯಿತು. ಅವನು ಮಹಡಿಯಿಂದ ದಡದಡ ಇಳಿದು ಬಂದು ಹಿಂದಿನಿಂದ ಜಡೆಗೆ ಕೈ ಹಾಕಿದ, ಇನ್ನೊಂದು ಕೈ ಕುತ್ತಿಗೆಗೆ. ಹಣೆ ನಲ್ಲಿಗೆ ಬಡಿಯಿತು, ಬಾಯೊಳಗೆ ರಕ್ತದ ರುಚಿ. ಉಸಿರು ಕಟ್ಟಿ ಕಣ್ಣು ಕತ್ತಲೆ ಬರುತ್ತಿದ್ದರೂ ಕಲ್ಲು ಬಿಡಲಿಲ್ಲ. ತೋಳು ಬೀಸಲು ಎಷ್ಟು ಜಾಗವಿತ್ತೋ ಅಷ್ಟರಲ್ಲೇ ಹೊರಗಿನ ಪದರಕ್ಕೆ ಕುಟ್ಟಿದೆ, ಚಟ್ನಿ ಕುಟ್ಟಿದ ಹಾಗೆ ಕುಟ್ಟಿದೆ. ಗಾಜು ಹೊರಗಿನ ಗಿಡಗಳ ಮೇಲೆ ಬಿತ್ತು. ಬಿಸಿ ಗಾಳಿ ಮುಖಕ್ಕೆ ಹೊಡೆಯಿತು, ಮಕ್ಕಳ ಗಲಾಟೆ ಒಳಗೆ ಬಂತು.

ಆ ಕ್ಷಣಕ್ಕೇ ಅವನ ಎರಡೂ ಕೈ ನನ್ನ ಮೈಯಿಂದ ಇಳಿದವು. ಗಾಜು ಒಡೆದ ಕ್ಷಣಕ್ಕೇ. ಎದುರುಮನೆಯ ಅಮೆರಿಕನ್ ಹೆಂಗಸು ನಾಯಿಯ ಜೊತೆ ನಮ್ಮ ಹುಲ್ಲಿನ ಅಂಚಿನಲ್ಲಿ ನಿಂತು ಒಳಗೆ ನೋಡುತ್ತಿದ್ದರು. ಅವನು ನನ್ನ ಹೆಗಲ ಮೇಲಿಂದ ಅವರಿಗೆ ಮುಗುಳ್ನಕ್ಕು, ಏನೂ ಇಲ್ಲ, ಸಣ್ಣ ಆಕ್ಸಿಡೆಂಟ್ ಎಂದು ಒಳ್ಳೆಯ ಇಂಗ್ಲಿಷಿನಲ್ಲಿ ಹೇಳಿದ. ಅವರು ಅವನಿಗೆ ಉತ್ತರ ಕೊಡಲಿಲ್ಲ. ನೀವು ಸರಿಯಾಗಿದ್ದೀರಾ ಎಂದು ನನ್ನನ್ನು ಕೇಳಿದರು. ಇಲ್ಲ ಎಂದೆ. ಇವನು ನನ್ನನ್ನು ಹೊಡೆಯುತ್ತಾನೆ ಎಂದೆ, ಇಡೀ ಬೀದಿಗೆ ಕೇಳುವಷ್ಟು ಜೋರಾಗಿ, ಮತ್ತೆ ಮತ್ತೆ ಅಂದೆ. ಅವರು ಅಲ್ಲೇ ನಿಂತು, ಒಂದು ಹೆಜ್ಜೆಯೂ ಕದಲದೆ, ಫೋನ್ ತೆಗೆದರು.

ಪೊಲೀಸರು ಬಂದರು. ಅವನು ಮೊಣಕೈಯ ಹಳೇ ಕಥೆ ತೆಗೆದ, ಕಲ್ಲು ಇವಳ ಕೈಯಲ್ಲೇ ಇತ್ತು ನೋಡಿ ಎಂದ. ಮಹಿಳಾ ಆಫೀಸರ್ ಒಬ್ಬರು ನನ್ನನ್ನು ಬೇರೆ ಕೋಣೆಗೆ ಕರೆದುಕೊಂಡು ಹೋಗಿ ಕುತ್ತಿಗೆಯ ಮೇಲಿನ ಬೆರಳಿನ ಗುರುತುಗಳ ಫೋಟೋ ತೆಗೆದರು, ಬೆನ್ನಿನದೂ. ಅವನನ್ನು ಕರೆದುಕೊಂಡು ಹೋದರು. ಮನೆಯ ಹತ್ತಿರ ಬರಬಾರದು, ಫೋನ್ ಮಾಡಬಾರದು ಎಂದು ಆರ್ಡರ್ ಆಯಿತು. ಎದುರುಮನೆಯವರ ಗಂಡ ಬಂದು ಕಿಟಕಿಗೆ ಹಲಗೆ ಹೊಡೆದುಕೊಟ್ಟರು.

ಮರುದಿನ ಬೆಳಗ್ಗೆ ಕಾರ್ಲ್ಸ್‌ಬಾಡಿನಿಂದ ಫೋನ್ ಬಂತು. ಸ್ಪೀಕರಿನಲ್ಲಿ ಹಾಕಿದ್ದರು, ಆಂಟಿ ಪಕ್ಕದಲ್ಲೇ ಇದ್ದದ್ದು ಗೊತ್ತಾಗುತ್ತಿತ್ತು. ಸುದ್ದಿ ಅಷ್ಟರಲ್ಲಿ ಎಲ್ಲರಿಗೂ ಮುಟ್ಟಿತ್ತು. ಅಂಕಲ್ ಬೈಯಲಿಲ್ಲ, ನೊಂದುಕೊಂಡರು. ಮನೆ ಮಾತು ಬೀದಿಗೆ ತಂದುಬಿಟ್ಟೆಯಲ್ಲಮ್ಮ ಎಂದರು. ಅವನ ಕೆಲಸ ಹೋಗುತ್ತದೆ, ವೀಸಾ ಹೋಗುತ್ತದೆ, ಕೇಸು ವಾಪಸ್ಸು ತೆಗೆದುಕೋ, ಜಪಾನಿನಿಂದ ಬಂದ ಮೇಲೆ ಕೂತು ಮಾತಾಡೋಣ ಎಂದರು. ಸಿಟ್ಟಿನ ಭರದಲ್ಲಿ ಒಂದು ಕೈ ಮುಂದೆ ಹೋಗಿರುತ್ತದೆ, ಅದಕ್ಕೆ ಜೈಲಾ ಎಂದು ಕೇಳಿದರು.

ನನ್ನ ಗಂಟಲು ಊದಿತ್ತು, ಮಾತು ಪಿಸುಗುಟ್ಟಿದ ಹಾಗೆ ಬರುತ್ತಿತ್ತು.

"ಅಂಕಲ್," ಎಂದೆ, "ಸಿಟ್ಟು ಬಂದವ್ರು ಮ್ಯಾಲ ಹೋಗಿ ಎಲ್ಲಾ ಕಿಡಕಿ ಹಾಕ್ಕೊಂಡು ಬಂದು ಹೊಡೀತಾರೇನ್ರಿ?"

ಅಂಕಲ್ ಕೆಮ್ಮಿದರು. ಕುರ್ಚಿ ಸರಿದ ಸಪ್ಪಳವಾಯಿತು, ನಿನ್ನ ಜೊತೆ ಇವಳೇ ಮಾತಾಡ್ತಾಳೆ ಎಂದರು. ಆಂಟಿ ಸ್ಪೀಕರ್ ತೆಗೆದು ಫೋನ್ ಹಿಡಿದುಕೊಂಡು ಎಲ್ಲಿಗೋ ನಡೆದರು, ಬಾಗಿಲು ಹಾಕಿಕೊಂಡರು. ಅಲ್ಲಿ ನಲ್ಲಿಯ ನೀರು ಬಿಟ್ಟದ್ದು ಕೇಳಿಸಿತು. ಬುದ್ಧಿ ಹೇಳುತ್ತಾರೆ ಎಂದು ನಾನು ಹಲ್ಲು ಕಚ್ಚಿಕೊಂಡು ಕಾದೆ.

"ನಮ್ಮನೇಲಿ ಕರ್ಟನ್ನೂ ಎಳೀತಿದ್ರು ಕಣೆ," ಎಂದರು ಆಂಟಿ.

ನಾನು ಆಂಟಿ, ಆಂಟಿ ಎಂದೆ. ಬಾಗಿಲಾಚೆಯಿಂದ ಅಂಕಲ್ ಕಾಫಿ ಕೇಳಿದರು. ಆಂಟಿ ನಲ್ಲಿ ನಿಲ್ಲಿಸಿ, ಬಂದೆ ಎಂದು, ಫೋನ್ ಇಟ್ಟರು.